ಅರ್ಧಕ್ಕೆ ನಿಂತ ಸೈರನ್

“ಅವರ ಕೈ ಮುಗೀತು ಕಣ್ರೀ. ಇನ್ನು ಎಳೆದಾಡೋದ್ರಲ್ಲಿ ಅರ್ಥ ಇಲ್ಲ,” ಎಂದ ಗುಡುಗಪ್ಪ, ಉದ್ದನೆಯ ವೈರನ್ನು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಸುತ್ತುತ್ತ. “ನಿಮ್ಮ ಭಾವ ಅಂತ ಗೊತ್ತು, ಬೇಜಾರ್ ಮಾಡ್ಕೋಬೇಡಿ. ಆದ್ರೆ ಮುಂದಿನ ಸಾಲಲ್ಲೇ ಕೂತಿದ್ರಲ್ಲ, ನೀವೇ ಕೇಳಿದ್ರಲ್ಲ?”

ಕೇಳಿದ್ದ. ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಕೇಳಿದ್ದ. ಅಷ್ಟೇ ಅಲ್ಲ, ಶುರುವಾಗುವ ಮುಂಚೆ ಪಕ್ಕದವರಿಗೂ ಹಿಂದಿನವರಿಗೂ ತಿರುತಿರುಗಿ, “ಆ ಕೆಂಪು ಗಿಟಾರ್ ಇದೆಯಲ್ಲ, ಅದು ನನ್ನ ಕೈಯಿಂದ ಎದ್ದು ಬಂದಿರೋದು. ನೋಡ್ತಾ ಇರಿ” ಎಂದು ಹೇಳಿಯೂ ಇದ್ದ. ಈಗ ಸಭಾಂಗಣದ ಹಿಂಬಾಗಿಲ ಬಳಿ, ತಣ್ಣಗಾದ ಟೀ ಲೋಟ ಹಿಡಿದು ನಿಂತವನಿಗೆ ಆ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಅವನನ್ನು ಎಲ್ಲರೂ ರಿಪೇರಿಯಣ್ಣ ಎನ್ನುತ್ತಿದ್ದರು. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಟೈಲರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವನ ಅಂಗಡಿ. ಗಿಟಾರ್, ಕೀಬೋರ್ಡ್, ಸ್ಪೀಕರ್, ಮೈಕು, ಒಟ್ಟಿನಲ್ಲಿ ತಂತಿಯೋ ವೈರೋ ಇದ್ದರೆ ಸರಿ. ಯಾರ ಹತ್ತಿರವೂ ಕಲಿತವನಲ್ಲ, ಬಿಚ್ಚಿ ಬಿಚ್ಚಿ ಕಲಿತವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗುಡುಗಪ್ಪನದೂ ಹೆತ್ತವರು ಇಟ್ಟ ಹೆಸರಲ್ಲ. ಡ್ರಮ್ ಬಾರಿಸುವ ರಭಸ ನೋಡಿ ರಟ್ಟಿನ ಡಬ್ಬದ ಕಾರ್ಖಾನೆಯವರು ಇಟ್ಟದ್ದು. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಆರು ಜನ ಕಟ್ಟಿಕೊಂಡ ವಾದ್ಯತಂಡಕ್ಕೆ ಅವನೇ ಯಜಮಾನ. ಗಿಟಾರಿಗೆ ರಿಪೇರಿಯಣ್ಣನ ಅಕ್ಕನ ಗಂಡ. ಆರೂ ಜನರ ವಾದ್ಯಗಳು ಕೆಟ್ಟರೆ ಬರುವುದು ಮೆಟ್ಟಿಲ ಕೆಳಗಿನ ಅಂಗಡಿಗೇ.

“ಬ್ಯಾಂಕಿನ ಮೇಡಮ್ ಒಬ್ಬರಿದ್ದಾರೆ, ಚೆನ್ನಾಗಿ ನುಡಿಸ್ತಾರೆ,” ಗುಡುಗಪ್ಪ ದನಿ ತಗ್ಗಿಸಿದ. ಅವನು ತಗ್ಗಿಸಿದ ದನಿ ಬೇರೆಯವರ ಮಾಮೂಲು ದನಿ. “ಗುರುವಾರ ಪ್ರಾಕ್ಟೀಸಿಗೆ ಬನ್ನಿ ಅಂದಿದ್ದೀನಿ. ನಿಮ್ಮ ಭಾವನಿಗೆ ಯಾವ ಬಾಯಲ್ಲಿ ಹೇಳ್ಲಿ ನಾನು? ಮೂವತ್ತು ವರ್ಷ ಒಂದೇ ಬೆಂಚಲ್ಲಿ ಊಟ ಮಾಡಿದೋರು. ನೀವು ಮನೆಯೋರು, ಮೆತ್ತಗೆ ಒಂದು ಮಾತು ಕಿವಿಗೆ ಹಾಕಿ.”

ಆಗ ರಿಪೇರಿಯಣ್ಣ ಹೇಳಬೇಕಾಗಿದ್ದ ಮಾತು ಒಂದೇ. ಅದು ಗಂಟಲವರೆಗೆ ಬಂದೂ ಇತ್ತು. ಹೊರಗೆ ಬಿದ್ದದ್ದು ಬೇರೆ.

“ಹೌದು ಬಿಡಿ,” ಎಂದ. “ವಯಸ್ಸು ಅನ್ನೋದು ಒಂದಿರುತ್ತಲ್ಲ.”

ಹಜಾರದ ಆ ತುದಿಯಲ್ಲಿ ಭಾವ ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಎಡಗೈಯ ಮಧ್ಯದ ಎರಡು ಬೆರಳು ಮಡಚದೆ, ಬೇರೆ ಯಾರದೋ ಬೆರಳುಗಳ ಹಾಗೆ ನೆಟ್ಟಗೆ ನಿಂತಿದ್ದವು. ತಲೆ ಎತ್ತಿ ಭಾಮೈದನನ್ನು ನೋಡಿ ನಕ್ಕರು. ಅವನು ಟೀ ಲೋಟದೊಳಗೆ ನೋಡಿದ.

*

ಹಿಂದಿನ ದಿನ, ಶನಿವಾರ, ಭಾವ ಅಂಗಡಿಗೆ ಬಂದಿದ್ದರು. ಕೇಳಿದ್ದು ಇಷ್ಟೇ: “ಒಳಗೊಂದು ಸ್ಪ್ರಿಂಗ್ ಕಿರ್ ಅಂತಿದೆ. ಒಂದು ತೊಟ್ಟು ಎಣ್ಣೆ ಬಿಟ್ಟುಕೊಡು ಮಾರಾಯ. ಬೇರೇನೂ ಮುಟ್ಟಬೇಡ.”

ಕೊನೆಯ ಮಾತು ರಿಪೇರಿಯಣ್ಣನ ಕಿವಿಗೆ ಬೀಳಲಿಲ್ಲ. ಆಗವನು ಟೈಲರಿಗೆ ಯಾವುದೋ ಸ್ಪೀಕರಿನೊಳಗೆ ಇಲಿ ಮರಿ ಹಾಕಿದ ಕತೆ ಹೇಳುತ್ತಿದ್ದ. ಇಲಿಗಳ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ನೋಡಿದ. ತಂತಿಗಳು ಬಂದು ಕೂರುವ ಲೋಹದ ಬ್ರಿಡ್ಜು ಹಿಂಬದಿಯಲ್ಲಿ ಮರದಿಂದ ಎದ್ದು ನಿಂತಿತ್ತು. ಅಂಥ ಗಿಟಾರಿನಲ್ಲಿ ಬ್ರಿಡ್ಜು ಒಂದೇ ಕಡೆ ನೆಟ್ಟು ಕೂತಿರುವುದಿಲ್ಲ. ಮೇಲೆ ಆರು ತಂತಿಗಳು ಒಂದು ದಿಕ್ಕಿಗೆ ಎಳೆಯುತ್ತವೆ, ಹೊಟ್ಟೆಯೊಳಗಿನ ಸ್ಪ್ರಿಂಗುಗಳು ಇನ್ನೊಂದು ದಿಕ್ಕಿಗೆ. ಆ ಜಗ್ಗಾಟದ ನಡುವೆ ಅದು ತೂಗಿಕೊಂಡು ನಿಂತಿರುತ್ತದೆ. ಅದಕ್ಕೆ ಸಿಕ್ಕಿಸುವ ಉದ್ದನೆಯ ಕೋಲನ್ನು ಒತ್ತಿದರೆ ಸ್ವರ ಕೆಳಗೆ ಜಾರುತ್ತದೆ. ಬ್ರಿಡ್ಜಿನ ಹಿಂಬದಿಯ ಕೆಳಗೆ ಜಾಗ ಬಿಟ್ಟಿದ್ದರೆ, ಕೋಲನ್ನು ಎತ್ತಿದಾಗ ಸ್ವರ ಮೇಲಕ್ಕೂ ಹೋಗುತ್ತದೆ.

“ಇದೇನ್ ಭಾವ, ಕಪ್ಪೆ ಹಾರೋಕೆ ಹೊರಟ ಹಾಗೆ ಹಿಂದೆ ಎತ್ಕೊಂಡು ಕೂತಿದೆ! ಯಾವ ಪುಣ್ಯಾತ್ಮ ಕೂರಿಸಿದ್ದು ಇದನ್ನ?”

ಹಿಂದೆ ಕೈಯಿಟ್ಟವರನ್ನು ಬೈಯದೆ ತಿರುಪುಳಿ ಎತ್ತಿಕೊಳ್ಳುವುದು ಆ ಕಸುಬಿನಲ್ಲೇ ಇಲ್ಲ.

“ನಾನೇ ಕೂರಿಸಿದ್ದು,” ಎಂದರು ಭಾವ.

“ಅದಕ್ಕೇ!”

ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕ. ಭಾವನೂ ನಕ್ಕರು. ಎಣ್ಣೆಯ ಮಾತನ್ನು ಇನ್ನೊಮ್ಮೆ ಹೇಳಿ ಹೋದರು.

ಅವರು ಹೋದ ಮೇಲೆ ರಿಪೇರಿಯಣ್ಣ ಕೆಲಸಕ್ಕೆ ಕೂತ. ಪ್ರೀತಿಯಿಂದಲೇ ಕೂತ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ನಾಳೆ ಕಾರ್ಖಾನೆಯ ನಿವೃತ್ತರ ವಾರ್ಷಿಕ ಕೂಟದಲ್ಲಿ ಭಾವನ ಕಾರ್ಯಕ್ರಮ. ಅಂಗೈ ತಗುಲಿದರೆ ಸಾಕು ಹೀಗೆ ತೂಗುವ ಬ್ರಿಡ್ಜು ಅಲುಗಾಡಿ ಶ್ರುತಿ ಹೋಗುತ್ತದೆ, ಒಂದು ತಂತಿ ಕಡಿದರೆ ಉಳಿದ ಐದೂ ಕೆಡುತ್ತವೆ. ಪಾಪ, ಕೈ ಬೇರೆ ಸರಿಯಿಲ್ಲ. ಮೂರು ಸ್ಪ್ರಿಂಗ್ ಇದ್ದ ಕಡೆ ಐದು ಹಾಕಿದ. ಸ್ಪ್ರಿಂಗುಗಳನ್ನು ಹಿಡಿದಿರುವ ಪಟ್ಟಿಯ ಎರಡು ಉದ್ದ ತಿರುಪುಗಳನ್ನು ಬಿಗಿದು ಬ್ರಿಡ್ಜನ್ನು ಸಮ ಮಾಡಿದ. ಅದು ಇನ್ನೆಂದೂ ಹಿಂದಕ್ಕೆ ವಾಲದಿರಲೆಂದು ಅದರ ಕೆಳಗಿನ ಲೋಹದ ಗಟ್ಟಿಗೂ ಮರದ ಗೋಡೆಗೂ ನಡುವೆ ಗಟ್ಟಿ ಮರದ ಚೂರೊಂದನ್ನು ಅಳತೆಗೆ ಉಜ್ಜಿ ತುರುಕಿದ. ಒತ್ತಿದರೆ ಕೋಲು ಕೆಳಗೆ ಬಗ್ಗುತ್ತಿತ್ತು. ಮೇಲಕ್ಕೆ ಕೂದಲೆಳೆಯಷ್ಟೂ ಬರುತ್ತಿರಲಿಲ್ಲ. ನುಡಿಸಿ ನೋಡಿದ, ಶ್ರುತಿ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಗಿಟಾರ್ ಪೆಟ್ಟಿಗೆಯ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ರಟ್ಟಿನ ಚೂರೊಂದು ಸಿಕ್ಕಿತು, ಕಸವೆಂದು ಬುಟ್ಟಿಗೆ ಎಸೆದ. ಕೊನೆಗೆ, ತನ್ನ ಕೈಯಿಂದ ಹೊರಬೀಳುವ ಎಲ್ಲ ವಾದ್ಯಕ್ಕೂ ಮಾಡುವಂತೆ, ಗಿಟಾರಿನ ಬೆನ್ನಿನ ಮುಚ್ಚಳದ ಒಳಮೈ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದು ಕೆಳಗೆ ಒಂದೇ ಪದ ಬರೆದ: ಸರಿಯಾಗಿದೆ.

ಭಾನುವಾರ ಅದನ್ನು ತಾನೇ ಸಭಾಂಗಣಕ್ಕೆ ಒಯ್ದ, ಅದೂ ತಡವಾಗಿ. ಇಸ್ತ್ರಿ ಅಂಗಿಗೆ ಗುಂಡಿ ಸಿಗಲಿಲ್ಲವೆಂದು. ಭಾವ ತಂತಿಗಳ ಶ್ರುತಿ ನೋಡಿಕೊಳ್ಳುವಷ್ಟರಲ್ಲಿ ಗುಡುಗಪ್ಪ ಕಡ್ಡಿ ಕುಟ್ಟಿ ಶುರು ಮಾಡಿಯಾಗಿತ್ತು.

ನಾಲ್ಕು ಹಾಡು ಚೆನ್ನಾಗಿಯೇ ಹೋದವು. ಅವುಗಳಲ್ಲಿ ಭಾವನಿಗೆ ತಾಳಕ್ಕೆ ತಂತಿ ಮೀಟುವಷ್ಟೇ ಕೆಲಸ, ಕೋಲು ಮುಟ್ಟಬೇಕಿರಲಿಲ್ಲ. ಐದನೆಯದು ಭಾವನೇ ಕಟ್ಟಿದ ಧಾಟಿ. ಅದು ಶುರುವಾಗುತ್ತಲೇ ಸಭೆಯಲ್ಲಿ ಗುಸುಗುಸು ಎದ್ದಿತು. ಅಜ್ಜ ಅಜ್ಜಿಯರು ಕುರ್ಚಿಯ ತುದಿಗೆ ಜರುಗಿದರು, ಕೆಲವರು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ಏನಿದು?” ಎಂದ ರಿಪೇರಿಯಣ್ಣ. ಪಕ್ಕದಲ್ಲಿದ್ದ, ಗೋಂದಿನ ವಿಭಾಗದಲ್ಲಿ ದುಡಿದ ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಸೈರನ್ ಕಣಪ್ಪ! ಪಾಳಿ ಬಿಡೋ ಸೈರನ್. ನಿಮ್ಮ ಭಾವ ಗಿಟಾರಲ್ಲಿ ಊದ್ತಾರೆ, ನಾವೆಲ್ಲ ಎದ್ದು ಮನೆಗೆ ಹೊರಟ ಹಾಗೆ ಬಾಗಿಲ ತನಕ ಓಡಬೇಕು. ಪ್ರತಿ ವರ್ಷ ಮಾಡ್ತೀವಿ. ನೀನು ಬಂದೇ ಇಲ್ವಾ?”

ಬಂದೇ ಇರಲಿಲ್ಲ. ಭಾವನ ಬೆರಳು ಯಂತ್ರಕ್ಕೆ ಸಿಕ್ಕು ಎಂಟು ವರ್ಷ, ತಂಡ ಕಟ್ಟಿ ಆರು. ಭಾನುವಾರ ಅಂಗಡಿಯಲ್ಲಿ ಜನ ಜಾಸ್ತಿ ಎನ್ನುವುದು ಅವನ ಕಾಯಂ ಉತ್ತರ. ಎರಡು ಬೆರಳು ಮಡಚಲಾಗದವರು ಏನು ತಾನೇ ನುಡಿಸಿಯಾರು ಎನ್ನುವುದು, ಯಾರಿಗೂ ಹೇಳದ ಉತ್ತರ.

ವೇದಿಕೆಯಲ್ಲಿ ಭಾವ ಕೋಲನ್ನು ಪೂರ್ತಿ ಒತ್ತಿ ತಂತಿ ಮೀಟಿದರು. ಆಳದಿಂದ ಒಂದು ದನಿ ಎದ್ದಿತು. ನಿಧಾನವಾಗಿ ಕೋಲು ಬಿಡುತ್ತ ಬಂದರು. ದನಿ ಏರಿತು, ಏರಿತು. ಅವರು ಬಲಗೈಯ ಕಿರುಬೆರಳಿನಿಂದ ಕೋಲನ್ನು ಎತ್ತಿದರು. ದನಿ ಅಲ್ಲೇ ನಿಂತಿತು. ಇನ್ನೊಮ್ಮೆ ಎತ್ತಿದರು. ಮೂರನೇ ಸಲ ಮಣಿಕಟ್ಟಿನ ನರ ಉಬ್ಬಿದ್ದು ಮುಂದಿನ ಸಾಲಿಗೂ ಕಂಡಿತು. ಸೈರನ್ ಅರ್ಧ ದಾರಿಯಲ್ಲಿ ನಿಂತು ಗೊಣಗುತ್ತಿತ್ತು. ಸಭೆಯಲ್ಲಿ ಅರ್ಧ ಎದ್ದವರು, ಏಳುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿ, ಮೊಣಕಾಲು ಹಿಡಿದು ಮೆಲ್ಲಗೆ ಕೂತರು. ಯಾರೋ ಕೆಮ್ಮಿದರು.

ರಿಪೇರಿಯಣ್ಣನಿಗೆ ಆ ಕ್ಷಣವೇ ತಿಳಿಯಿತು. ತಾನು ಉಜ್ಜಿದ ಮರದ ಚೂರು ಕಣ್ಣ ಮುಂದೆ ಬಂತು.

ಭಾವ ಮೈಕಿನ ಹತ್ತಿರ ಬಾಗಿದರು. “ಕ್ಷಮಿಸಿ. ಇವತ್ತು ನನ್ನ ಕೈ ನನ್ನ ಮಾತು ಕೇಳಲಿಲ್ಲ,” ಎಂದರು.

*

ಸೋಮವಾರ ಫೋನ್ ಮಾಡಬೇಕೆಂದುಕೊಂಡ, ಮಾಡಲಿಲ್ಲ. ಮಂಗಳವಾರ ಹೆಂಡತಿ ತಟ್ಟೆ ಮುಂದಿಡುತ್ತ, “ರೀ, ನಿಮ್ಮ ಬಾಯಿಗೇನಾಗಿದೆ? ಮದುವೆಯಾದಾಗಿನಿಂದ ಈ ಮನೆ ಇಷ್ಟು ತಣ್ಣಗಿದ್ದದ್ದು ನನಗೆ ನೆನಪಿಲ್ಲ,” ಎಂದಳು. ಆಮೇಲೆ ಸಹಜವಾಗಿ ಸೇರಿಸಿದಳು: “ಅತ್ತಿಗೆ ಫೋನ್ ಮಾಡಿದ್ರು. ಗಿಟಾರನ್ನ ನಿಮ್ಮ ಅಂಗಡೀಲಿ ಇಟ್ಟು ಯಾರಿಗಾದ್ರೂ ಕೊಟ್ಟುಬಿಡಬೇಕಂತೆ. ನಿಮ್ಮ ಭಾವನೇ ಹೇಳಿದ್ರಂತೆ, ಉಪಯೋಗಿಸೋ ಕೈಗೆ ಹೋಗ್ಲಿ ಅಂತ.”

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಎದ್ದು ನೀರು ಕುಡಿದ.

ಬುಧವಾರ ಮಧ್ಯಾಹ್ನ ಅಂಗಡಿಗೆ ಬಾಗಿಲೆಳೆದು, ಸಲಕರಣೆ ಚೀಲ ಹೆಗಲಿಗೇರಿಸಿ ಅಕ್ಕನ ಮನೆಗೆ ಹೊರಟ. ದಾರಿಯುದ್ದಕ್ಕೂ ಒಂದು ಉಪಾಯ ಹೆಣೆಯುತ್ತಿದ್ದ: ‘ಕೊಡೋ ಮುಂಚೆ ಒಂದ್ಸಲ ನೋಡ್ತೀನಿ’ ಎನ್ನುವುದು, ಮುಚ್ಚಳ ಬಿಚ್ಚುವುದು, ಚೂರು ತೆಗೆದು ಜೇಬಿಗೆ ಹಾಕುವುದು, ಬ್ರಿಡ್ಜು ಹಿಂದಿನ ಹಾಗೆ ಎತ್ತುವುದು. ‘ಈಗ ನೋಡಿ ಭಾವ’ ಎನ್ನುವುದು. ಯಾರಿಗೂ ಏನೂ ತಿಳಿಯಬೇಕಾಗಿಲ್ಲ. ಎರಡನೇ ತಿರುವಿನಲ್ಲಿ ಆ ಉಪಾಯಕ್ಕೆ ಅವನೇ ನಾಚಿಕೊಂಡ. ಆದರೂ ಬೇರೆ ಉಪಾಯ ಹುಡುಕಲಿಲ್ಲ.

“ಬಾರೋ. ಚಪ್ಪಲಿ ಅಲ್ಲೇ ಬಿಡು, ಈಗಷ್ಟೇ ಒರೆಸಿದ್ದೀನಿ,” ಎಂದಳು ಅಕ್ಕ. “ಏನಿದು, ಮೂರು ದಿನದ ಗಡ್ಡ? ಯಾರ ಮನೆ ಮುಳುಗಿಸಿ ಬಂದೆ?”

ಅವನು ನಗಲು ನೋಡಿದ.

ಭಾವ ಅಡುಗೆಮನೆಯ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಪೆಟ್ಟಿಗೆ ಬೀರುವಿನ ಮೇಲಿತ್ತು. ಅವನೇ ಕುರ್ಚಿ ಹತ್ತಿ ಇಳಿಸಿದ. ಮೂರು ದಿನಕ್ಕೇ ಅದರ ಮೇಲೊಂದು ಹಳೆ ಪೇಪರು, ಪೇಪರಿನ ಮೇಲೆ ಬೇಸಗೆಯ ಟೇಬಲ್ ಫ್ಯಾನು ಬಂದು ಕೂತಿದ್ದವು.

“ಕೊಡೋ ಮುಂಚೆ ಒಂದ್ಸಲ ನೋಡ್ತೀನಿ ಭಾವ,” ಎಂದ.

“ನೋಡು.”

ಊಟದ ಮೇಜಿನ ಮೇಲೆ ಟವೆಲ್ ಹಾಸಿ, ತಂತಿಗಳನ್ನು ಸಡಿಲಿಸಿ, ಗಿಟಾರನ್ನು ಬೋರಲು ಮಲಗಿಸಿದ. ಮೇಜಿನ ಒಂದು ಕಾಲು ಗಿಡ್ಡ. ತಿರುಪುಳಿ ಒತ್ತಿದಾಗಲೆಲ್ಲ ಕಟಕ್ ಎಂದು ವಾಲುತ್ತಿತ್ತು. ಆರು ತಿರುಪು ಬಿಚ್ಚಿ ಮುಚ್ಚಳವನ್ನು ಬೇಗ ಅಂಗಾತ ಇಡಬೇಕೆಂದಿದ್ದ. ಭಾವನ ಕೈ ಅದಕ್ಕಿಂತ ಮುಂಚೆ ಅದನ್ನು ಎತ್ತಿಕೊಂಡಿತು. ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಶಾಲೆ ಮಕ್ಕಳ ಹಾಗೆ ಅಕ್ಷರ ಅಕ್ಷರವಾಗಿ ಓದಿದರು: “ಸ ರಿ ಯಾ ಗಿ ದೆ.”

ಆಮೇಲೆ ಅದನ್ನು ಮೇಜಿನ ಮೇಲಿಟ್ಟು, “ಮೊದಲು ಆ ಮರದ ಚೂರು ತೆಗಿ,” ಎಂದರು. “ಸ್ಪ್ರಿಂಗ್ ಆಮೇಲೆ.”

ರಿಪೇರಿಯಣ್ಣನ ಕೈ ನಿಂತಿತು. ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಅವನು ಇಷ್ಟು ದಿನ ಮಾತಿಗೆ ಆಡುತ್ತಿದ್ದ. ಈಗ ನಿಜವಾಗಿ ನೆಲ ನೋಡಿದ. ಒರೆಸಿದ ನೆಲ, ಇನ್ನೂ ಅಲ್ಲಲ್ಲಿ ಹಸಿ.

“ಯಾವಾಗ ಗೊತ್ತಾಯ್ತು ನಿಮಗೆ?”

“ಮೊದಲ ಎಳೆತಕ್ಕೇ. ಸ್ಪ್ರಿಂಗ್ ಜಾಸ್ತಿ ಆಗಿದೆ ಅಂತ ಒತ್ತುವಾಗಲೇ ಅನ್ನಿಸಿತ್ತು, ಕೋಲು ಭಾರ ಇತ್ತು. ಎರಡನೇ ಸಲ ಎತ್ತಿದಾಗ ಒಳಗೆ ಏನೋ ಅಡ್ಡ ಇದೆ ಅಂತ ಗೊತ್ತಾಯ್ತು.”

“ಮೂರನೇ ಸಲ ಯಾಕೆ ಎಳೆದ್ರಿ ಮತ್ತೆ?”

“ಆಸೆ,” ಎಂದರು ಭಾವ.

ಒಲೆಯ ಮುಂದಿದ್ದ ಅಕ್ಕ ತಿರುಗಿದಳು. ಸೌಟು ಕೈಯಲ್ಲೇ ಇತ್ತು. “ಏನು ನಡೀತಿದೆ ಇಲ್ಲಿ? ಯಾವ ಮರ? ಕೈ ಬರಲಿಲ್ಲ ಅಂದ್ರಲ್ಲ ನೀವು?”

ಯಾರಾದರೂ ಒಬ್ಬರು ಹೇಳಬೇಕಿತ್ತು. ಭಾವ ಕಿಟಕಿಯ ಕಡೆ ಮುಖ ಮಾಡಿದರು. ಹೇಳಿದ್ದು ರಿಪೇರಿಯಣ್ಣ, ಮೇಜಿನ ಮೇಲಿನ ಟವೆಲಿನ ಗೆರೆಗಳನ್ನು ನೋಡುತ್ತ. ಎಣ್ಣೆ ಹಾಕು ಎಂದದ್ದು, ತಾನು ಗೇಲಿ ಮಾಡಿದ್ದು, ಐದು ಸ್ಪ್ರಿಂಗು, ಮರದ ಚೂರು, ಎಲ್ಲ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಇನ್ನೊಂದು ಚೂರು ಒಳಗೇ ಉಳಿಯುತ್ತಿತ್ತು.

“ಇನ್ನೊಂದಿದೆ ಭಾವ. ಹಿಂಬಾಗಿಲ ಹತ್ರ ಗುಡುಗಪ್ಪ ಹೇಳಿದ, ನಿಮ್ಮ ಕೈ ಮುಗೀತು ಅಂತ. ಆಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೌದು ಅಂದೆ. ವಯಸ್ಸು ಅಂದೆ. ನಾಳೆ ನಿಮ್ಮ ಜಾಗಕ್ಕೆ ಬ್ಯಾಂಕಿನ ಮೇಡಮ್ ಬರ್ತಿದ್ದಾರೆ. ಅದನ್ನ ನಿಮಗೆ ಮೆತ್ತಗೆ ಹೇಳು ಅಂತ ನನ್ನನ್ನೇ ಕಳಿಸಿದ್ದಾನೆ.”

ಅಕ್ಕ ಬೈಯುತ್ತಾಳೆಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಒಲೆ ಆರಿಸಿದಳು, ಸೌಟು ತೊಳೆದಳು, ಅದನ್ನು ಒರೆಸಿದಳು.

“ಮೂರು ದಿನ,” ಎಂದಳು ಕೊನೆಗೆ. “ಮೂರು ದಿನದಿಂದ ಈ ಮನುಷ್ಯ ಆ ಸ್ಟೂಲ್ ಬಿಟ್ಟು ಎದ್ದಿಲ್ಲ. ಕೈಗೆ ಏನೋ ಆಗಿದೆ, ಡಾಕ್ಟರ ಹತ್ರ ಹೋಗೋಣ ಅಂತ ನಾನು ಬೇಡಿಕೊಳ್ತಿದ್ದೀನಿ. ನಿನಗೆ ಎರಡು ಬೀದಿ ದಾಟೋಕೆ ಮೂರು ದಿನ ಬೇಕಾಯ್ತೇನೋ?”

ಅವನು ತಿರುಪುಳಿಯನ್ನು ಟವೆಲಿನ ಮೇಲೆ ಇಟ್ಟ.

“ನೀವಾದ್ರೂ ಹೇಳಬಾರದಿತ್ತಾ?” ಅಕ್ಕ ಗಂಡನ ಕಡೆ ತಿರುಗಿದಳು. “ಆ ಮೈಕಲ್ಲೇ ಹೇಳಬೇಕಿತ್ತು, ನನ್ನ ಭಾಮೈದ ಗಿಟಾರ್ ಕೆಡಿಸಿಕೊಟ್ಟಿದ್ದಾನೆ ಅಂತ!”

“ಹೇಳಿದ್ರೆ ಏನಾಗ್ತಿತ್ತು?” ಭಾವ ನಿಧಾನವಾಗಿ ಎಡಗೈಯನ್ನು ಮೇಜಿನ ಮೇಲಿಟ್ಟರು. “ಅಲ್ಲಿದ್ದ ಆರೂ ಜನರ ಸಾಮಾನು ಇವನ ಅಂಗಡಿಗೇ ಹೋಗೋದು. ಅದು ಒಂದು. ಇನ್ನೊಂದು, ಈ ಕೈ ಇಟ್ಕೊಂಡು ಗಿಟಾರ್ ಸರಿ ಇಲ್ಲ ಅಂತ ನಾನು ಹೇಳಿದ್ರೆ ನೆಪ ಅಂತಾರೆ. ನಿಜ ಹೇಳಿದ್ರೂ ನೆಪವೇ. ಪಾಪ ಅಂತ ಇನ್ನೊಂದು ಚಪ್ಪಾಳೆ ಹೊಡೀತಾರೆ. ಆ ಚಪ್ಪಾಳೆ ನನಗೆ ಬೇಡ.” ಕೈ ಹಿಂದಕ್ಕೆ ತೆಗೆದುಕೊಂಡು, “ಅದನ್ನ ಹೇಳೋಕೆ ಆಗೋದು ಇವನೊಬ್ಬನಿಗೇ,” ಎಂದರು.

ಅಂಗಡಿ ಹೆಸರು ಉಳಿಸಲು ಅವರು ಬಾಯಿ ಮುಚ್ಚಿದ್ದರು. ಅದೇ ಹೆಸರು ಉಳಿಸಲು ಇವನೂ ಬಾಯಿ ಮುಚ್ಚಿದ್ದ. ಎರಡೂ ಒಂದೇ ಮೌನವಲ್ಲವೆಂಬುದು ರಿಪೇರಿಯಣ್ಣನ ಎದೆಗೆ ನಾಟಿತು.

“ವಯಸ್ಸಂತೂ ಆಗಿದೆ ಬಿಡು,” ಎಂದರು ಭಾವ. “ಕೆಲಸ ನೋಡು.”

ಅವನು ಗಿಟಾರನ್ನು ಓರೆಯಾಗಿ ಎತ್ತಿ, ಕೋಲು ಸಿಕ್ಕಿಸಿ ಒತ್ತಿದ. ಮರದ ಚೂರು ಸಡಿಲವಾಗಿ ಟವೆಲಿನ ಮೇಲೆ ಬಿತ್ತು. ಜಾಸ್ತಿಯಾಗಿದ್ದ ಎರಡು ಸ್ಪ್ರಿಂಗ್ ಕಳಚಿಟ್ಟ. ಉಳಿದ ಮೂರಕ್ಕೆ, ಶನಿವಾರವೇ ಬಿಡಬೇಕಾಗಿದ್ದ ಎಣ್ಣೆಯನ್ನು ಒಂದೊಂದು ತೊಟ್ಟು ಬಿಟ್ಟ.

“ಪೆಟ್ಟಿಗೆ ಜೇಬಲ್ಲಿ ಒಂದು ರಟ್ಟಿನ ಚೂರಿತ್ತಲ್ಲ, ಕೊಡು,” ಎಂದರು ಭಾವ. “ಬ್ರಿಡ್ಜಿನ ಹಿಂದಿನ ಅಂಚಿನ ಕೆಳಗೆ ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹೋಗಬೇಕು. ಅದೇ ನನ್ನ ಅಳತೆ.”

ರಿಪೇರಿಯಣ್ಣ ಕಣ್ಣು ಮುಚ್ಚಿಕೊಂಡ. “ಎಸೆದುಬಿಟ್ಟೆ ಭಾವ. ಕಸ ಅಂದ್ಕೊಂಡೆ.”

ಇದಕ್ಕೆ ಮಾತ್ರ ಭಾವ ನಕ್ಕರು, ಶನಿವಾರ ಅಂಗಡಿಯಲ್ಲಿ ನಕ್ಕ ಹಾಗಲ್ಲ, ಹೊಟ್ಟೆಯಿಂದ. “ರಟ್ಟಿಗೆ ನಮ್ಮ ಮನೇಲಿ ಬರವೇನೋ? ಮಂಚದ ಕೆಳಗೆ ನೋಡು. ಮೂರು ಪದರದ್ದು ತಾ, ಐದರದ್ದಲ್ಲ.”

ಅವನು ಮಂಡಿಯೂರಿ ಮಂಚದ ಕೆಳಗಿನಿಂದ ಡಬ್ಬವೊಂದನ್ನು ಎಳೆದು ತಂದ. ಭಾವ ಕತ್ತರಿಯಿಂದ ಬೆಂಕಿಪೊಟ್ಟಣದ ಅಗಲಕ್ಕೆ ಒಂದು ಚೂರು ಕತ್ತರಿಸಿದರು. ಮೂವತ್ತು ವರ್ಷ ರಟ್ಟು ಕತ್ತರಿಸಿದ ಕೈ. ಗೆರೆ ಎಳೆಯದೆಯೂ ಅಂಚು ನೆಟ್ಟಗಿತ್ತು.

ಆಮೇಲಿನದು ಅವಸರಕ್ಕೆ ಬಗ್ಗುವ ಕೆಲಸವಲ್ಲ. ಹಿಂದಿನ ಎರಡು ತಿರುಪನ್ನು ಒಂದು ಸುತ್ತು ಸಡಿಲಿಸಿದರೆ ತಂತಿಗಳು ಬ್ರಿಡ್ಜನ್ನು ಎತ್ತುತ್ತವೆ, ಎತ್ತಿದೊಡನೆ ಆರೂ ತಂತಿಗಳ ಶ್ರುತಿ ಇಳಿಯುತ್ತದೆ. ಶ್ರುತಿ ಏರಿಸಿದರೆ ಬ್ರಿಡ್ಜು ಇನ್ನಷ್ಟು ಏಳುತ್ತದೆ. ಮತ್ತೆ ತಿರುಪು, ಮತ್ತೆ ಶ್ರುತಿ, ಮತ್ತೆ ರಟ್ಟು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ರಿಪೇರಿಯಣ್ಣ ನಾಲ್ಕು ಕತೆ ಹೇಳಿರುತ್ತಿದ್ದ. ಇವತ್ತು ಅವನು ತಿರುಗಿಸಿದ, ಭಾವ ಹೇಳಿದರು.

“ಎಳೀತೀನಿ, ಕೇಳು. ಮೂರನೇ ತಂತಿ ಮೂರು ಫ್ರೆಟ್, ಮೂರು ಮೆಟ್ಟಿಲು ಏರಬೇಕು. ಎಷ್ಟಾಯ್ತು?”

“ಎರಡು.”

“ಎರಡೂವರೆ. ಸರಿಯಾಗಿ ಕೇಳು.”

ಕೇಳಿದ. ಎರಡೂವರೆಯೇ ಆಗಿತ್ತು.

“ಇನ್ನು ಕಾಲು ಸುತ್ತು. ಎರಡೂ ಕಡೆ ಸಮ. ಹಾಂ... ಸಾಕು, ಸಾಕು! ನಿನ್ನ ಕೈಗೆ ನಿಲ್ಲೋದು ಗೊತ್ತಿಲ್ಲ ಮಾರಾಯ.”

ರಟ್ಟು ಬ್ರಿಡ್ಜಿನ ಕೆಳಗೆ ಸರಾಗವಾಗಿ ಹೋಗಿ, ಸ್ವಲ್ಪವೇ ಹಿಡಿದುಕೊಂಡು, ಈಚೆಗೆ ಬಂತು. ಭಾವ ಗಿಟಾರನ್ನು ಎತ್ತಿ ತೊಡೆಗೆ ಹಾಕಿಕೊಂಡರು. ತೋರುಬೆರಳೂ ಕಿರುಬೆರಳೂ ತಂತಿಯ ಮೇಲೆ ನಡೆದಾಡಿದವು. ನಡುವಿನ ಎರಡು ಸುಮ್ಮನೆ ಜೊತೆಗೆ ಹೋದವು. ಅವು ಮಾಡಬೇಕಾದದ್ದನ್ನು ಬಲಗೈ ಕೋಲಿನಿಂದ ಮಾಡುತ್ತಿತ್ತು. ಮೀಟಿ, ಅದೇ ಉಸಿರಿನಲ್ಲಿ ಎತ್ತಿ, ಸ್ವರವನ್ನು ಬಾಗಿಸಿ, ನಡುಗಿಸಿ, ಮತ್ತೆ ನೆಲಕ್ಕೆ ತಂದು ನಿಲ್ಲಿಸುತ್ತಿತ್ತು. ಪ್ಲಗ್ ಹಾಕದ ಗಿಟಾರಿನ ಸಣ್ಣ ದನಿ, ಅಡುಗೆಮನೆಯ ಪಾತ್ರೆಗಳಿಗಷ್ಟೇ ಕೇಳುವಂಥದ್ದು. ಆರು ವರ್ಷ ತಾನು ಅಂಗಡಿಯಲ್ಲಿ ಕೂತು ಕೇಳದೆ ಬಿಟ್ಟದ್ದು ಇದನ್ನು ಎಂದು ಹೊಳೆದು ರಿಪೇರಿಯಣ್ಣ ಎರಡು ಕೈಗಳನ್ನೂ ಮೊಣಕಾಲ ನಡುವೆ ಸೇರಿಸಿಕೊಂಡು ಕೂತ.

ಆಮೇಲೆ ಸೈರನ್. ಆಳದಿಂದ ಎದ್ದು, ಏರಿ, ಮೊನ್ನೆ ನಿಂತ ಕಡೆ ನಿಲ್ಲದೆ, ಅದರಾಚೆ ಮೂರು ಮೆಟ್ಟಿಲು ಹತ್ತಿ ಅಲ್ಲಿ ತುಂಬಿ ನಿಂತಿತು.

ಅಕ್ಕ ಎದ್ದು ಒಲೆ ಹಚ್ಚಿದಳು. ಹಚ್ಚಿದ ಮೇಲೆ ತಾನೇ ಕಡ್ಡಿಯನ್ನು ನೋಡಿದಳು. “ಅಯ್ಯೋ, ಅಭ್ಯಾಸ,” ಎಂದಳು. “ಮೂವತ್ತು ವರ್ಷ ಸೈರನ್ ಕೇಳಿದ ಕೂಡ್ಲೇ ಟೀಗೆ ಇಟ್ಟಿದ್ದೀನಿ. ಆಗ್ಲಿ, ಮೂರು ಲೋಟ ಇಡ್ತೀನಿ. ಇವನು ಅರ್ಹನಲ್ಲ, ಆದ್ರೂ.”

ರಿಪೇರಿಯಣ್ಣ ಫೋನ್ ತೆಗೆದ. ಎದ್ದು ಹೊರಗೆ ಹೋಗಿ ಮಾತಾಡಬಹುದಿತ್ತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

“ಹೇಳಿ ರಿಪೇರಿಯಣ್ಣ!” ಗುಡುಗಪ್ಪನ ದನಿಗೆ ಮೇಜಿನ ಮೇಲಿದ್ದ ಚಮಚ ನಡುಗಿತು. “ಹೇಳಿದ್ರಾ ಭಾವನಿಗೆ? ಅತ್ತುಬಿಟ್ರಾ?”

“ಅವರ ಕೈಗೆ ಏನೂ ಆಗಿಲ್ಲ. ನಾನು ಗಿಟಾರ್ ಕೆಡಿಸಿಕೊಟ್ಟಿದ್ದೆ. ಕೇಳದೆ ಒಳಗೆ ಮರದ ಚೂರು ತುರುಕಿದ್ದೆ, ಕೋಲು ಮೇಲಕ್ಕೆ ಬರದ ಹಾಗೆ. ಭಾನುವಾರ ನೀವು ಹೇಳಿದಾಗಲೂ ನನಗೆ ಗೊತ್ತಿತ್ತು. ವಯಸ್ಸು ಅಂದದ್ದು ಸುಳ್ಳು.”

ಆ ಕಡೆ ಡ್ರಮ್ ಕಡ್ಡಿಯೊಂದು ನೆಲಕ್ಕೆ ಬಿದ್ದ ಸದ್ದು.

“ಹಾಗಾದ್ರೆ,” ಎಂದಿತು ಫೋನು, “ಹೋದ ತಿಂಗಳು ನನ್ನ ಡ್ರಮ್ ಪೆಡಲ್ ಸರಿ ಮಾಡಿಕೊಟ್ರಲ್ಲ, ಅದರೊಳಗೆ ಏನು ತುರುಕಿದ್ದೀರಿ?”

“ಏನೂ ಇಲ್ಲ. ಬೇಕಾದ್ರೆ ತಂದು ಬಿಚ್ಚಿ ನೋ...”

“ನಿಮ್ಮ ಹತ್ರ ತರಲ್ಲ ಬಿಡಿ, ನಾನೇ ಬಿಚ್ಚಿ ನೋಡ್ತೀನಿ. ಥೂ, ಆ ಮನುಷ್ಯನ ಬಗ್ಗೆ ನನ್ನ ಬಾಯಲ್ಲಿ ಏನೇನು ಅನ್ನಿಸಿಬಿಟ್ರಿ ನೀವು. ಬೆಂಚಲ್ಲಿ ಎದುರು ಕೂತೋನು ಕಣ್ರೀ ಅವನು.” ದನಿ ತಗ್ಗಿತು. “ಮೇಡಮಿಗೆ ಬನ್ನಿ ಅಂದಾಗಿದೆ, ಬೇಡ ಅನ್ನೋಕಾಗಲ್ಲ. ಅವರೂ ಬರ್ತಾರೆ. ಅವನೂ ಬರ್ಲಿ. ಇಬ್ಬರೂ ನುಡಿಸ್ಲಿ, ಉಳಿದ ಐದು ಜನ ಕೂತು ಕೇಳ್ತೀವಿ. ನೀವೂ ಬನ್ನಿ, ಈ ಮಾತನ್ನ ನನಗೊಬ್ಬನಿಗೆ ಹೇಳಿದ್ರೆ ಸಾಲದು, ಎಲ್ಲರ ಮುಂದೆ ಹೇಳಿ. ಆರು ಗಂಟೆಗೆ.”

“ಬರ್ತೀನಿ.”

ಫೋನು ತಣ್ಣಗಾಯಿತು. ರಿಪೇರಿಯಣ್ಣ ಮುಚ್ಚಳವನ್ನು ಕೈಗೆತ್ತಿಕೊಂಡು, ಒಳಮೈಯ ಪೆನ್ಸಿಲ್ ಅಕ್ಷರವನ್ನು ಹೆಬ್ಬೆರಳಿನಿಂದ ಉಜ್ಜಿದ. ಅದು ಅಳಿಸಲಿಲ್ಲ, ಬೂದು ಬೂದಾಗಿ ಹರಡಿತು.

“ಇವತ್ತಿನ ದಿನಾಂಕ ಬರಿ ಅದರ ಕೆಳಗೆ,” ಎಂದರು ಭಾವ.

“ಮತ್ತೆ?”

“ಅಷ್ಟೇ ಸಾಕು.”

ಅಕ್ಕ ಮೂರು ಲೋಟ ಟೀ ತಂದಿಟ್ಟಳು. ಮೇಜು ಕಟಕ್ ಎಂದು ವಾಲಿ, ಟೀ ಲೋಟದ ಅಂಚಿಗೆ ಬಂತು. ಅವಳು ಟವೆಲಿನ ಮೇಲಿದ್ದ ಮರದ ಚೂರನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಬಗ್ಗಿ ಗಿಡ್ಡ ಕಾಲಿನ ಕೆಳಗೆ ನೂಕಿದಳು. ಚೂರು ದಪ್ಪವಾಯಿತು. ಮೇಜು ಈಗ ಇನ್ನೊಂದು ಕಡೆಗೆ ವಾಲಿತು. ಕಳಚಿಟ್ಟ ಎರಡು ಸ್ಪ್ರಿಂಗುಗಳು ಮೆಲ್ಲಗೆ ಉರುಳಲು ತೊಡಗಿದವು. ಭಾವ ಎಡಗೈಯನ್ನು ಮೇಜಿನ ಅಂಚಿಗೆ ಅಡ್ಡ ಇಟ್ಟರು. ಉರುಳಿ ಬಂದವು ಒಂದಾದ ಮೇಲೊಂದು ಆ ನೆಟ್ಟನೆಯ ಬೆರಳುಗಳಿಗೆ ತಗುಲಿ ನಿಂತವು.